ಯಾರ ಮನೆಯ ನೆನಪು ಇದು? ಲಿವಿ, ಟ್ಯಾಸಿಟಸ್ ಓದುತ್ತಿರುವ ಗೆಳೆಯನಿಗೆ

ಪ್ರಿಯ ಗೆಳೆಯಾ,

ಲಿವಿಯ ರೋಮ್ ಇತಿಹಾಸ ಕೈಗೆತ್ತಿಕೊಂಡವನು ಮೊದಲ ಪುಸ್ತಕಗಳಲ್ಲೇ ತಡೆದು ನಿಂತು, ಇದರಲ್ಲಿ ನಿಜ ಎಷ್ಟು, ಕಟ್ಟುಕತೆ ಎಷ್ಟು ಅಂತ ಕೇಳಿದ್ದೀಯ. ಅದಕ್ಕೆ ಮೊದಲು ಇನ್ನೊಂದನ್ನು ಕೇಳಿಕೊಂಡರೆ ಓದು ಸಲೀಸಾಗುತ್ತದೆ: ಈ ಸಂಗತಿ ಲಿವಿಯ ತನಕ ಬಂದದ್ದು ಯಾರ ಮನೆಯಿಂದ? ರೋಮಿನಲ್ಲಿ ಹಳೆಯ ಕಾಲದ ನೆನಪು ಬಹುಕಾಲ ದೊಡ್ಡ ಮನೆತನಗಳ ಆಸ್ತಿಯಾಗಿತ್ತು. ಆಮೇಲೆ ಅದು ಒಂದೇ ಮನೆಯ, ಅಂದರೆ ಚಕ್ರವರ್ತಿಯ ಮನೆಯ, ಅಧೀನಕ್ಕೆ ಬಂತು. ಲಿವಿ ಬರೆದದ್ದು ಈ ಕೈಬದಲಾವಣೆ ನಡೆಯುತ್ತಿದ್ದಾಗ, ಟ್ಯಾಸಿಟಸ್ ಬರೆದದ್ದು ಅದು ಮುಗಿದು ಒಂದು ಶತಮಾನದ ನಂತರ.

ಮನೆತನದ ನೆನಪು ಹೇಗಿತ್ತು ಎಂಬುದನ್ನು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ತನ್ನ 6ನೇ ಪುಸ್ತಕದಲ್ಲಿ ಕಣ್ಣಿಗೆ ಕಟ್ಟುವಂತೆ ಹೇಳುತ್ತಾನೆ. ಏಡೈಲ್ (ನಗರದ ಮೇಲ್ವಿಚಾರಕ) ಅಥವಾ ಅದಕ್ಕಿಂತ ಮೇಲಿನ ಹುದ್ದೆ ಪಡೆದವನು ಸತ್ತರೆ ಅವನ ಮುಖದ ಮೇಣದ ಪಡಿಯಚ್ಚು ಮನೆಯ ಮುಂದಿನ ಹಜಾರದ ಕಪಾಟಿಗೆ ಸೇರುತ್ತಿತ್ತು. ಅವನ ಹೆಸರು, ಹುದ್ದೆಗಳ ಪಟ್ಟಿಯೂ ಜೊತೆಗಿರುತ್ತಿತ್ತು. ಮನೆಯಲ್ಲಿ ಇನ್ನೊಂದು ದೊಡ್ಡ ಸಾವಾದಾಗ ಈ ಮುಖವಾಡಗಳು ಹೊರಗೆ ಬರುತ್ತಿದ್ದವು. ಎತ್ತರದಲ್ಲಿ, ಮೈಕಟ್ಟಿನಲ್ಲಿ ಆಯಾ ಹಿರಿಯನನ್ನು ಹೋಲುವವರು ಅವನ್ನು ಧರಿಸುತ್ತಿದ್ದರು. ಕಾನ್ಸಲ್ (ವರ್ಷಕ್ಕೆ ಇಬ್ಬರಂತೆ ಆಯ್ಕೆಯಾಗುವ ಅತ್ಯುನ್ನತ ಅಧಿಕಾರಿ) ಆಗಿದ್ದವನ ವೇಷಕ್ಕೆ ನೇರಳೆ ಅಂಚಿನ ಟೋಗಾ ಎಂಬ ಮೇಲುಡುಪು, ಸೆನ್ಸರ್ (ಜನಗಣತಿಯ ಅಧಿಕಾರಿ) ಆಗಿದ್ದವನಿಗೆ ಪೂರ್ತಿ ನೇರಳೆ, ವಿಜಯೋತ್ಸವ ಕಂಡವನಿಗೆ ಜರಿಯದ್ದು. ಎಲ್ಲರೂ ಊರ ನಡುವಿನ ಚೌಕವಾದ ಫೋರಮ್ಮಿನ ಭಾಷಣವೇದಿಕೆಗೆ ಬಂದು ದಂತದ ಕುರ್ಚಿಗಳಲ್ಲಿ ಸಾಲಾಗಿ ಕೂರುತ್ತಿದ್ದರು. ಮಗ ಎದ್ದು ಮೊದಲು ಸತ್ತವನ ಸಾಧನೆ ಹೇಳಿ, ನಂತರ ಅಲ್ಲಿ ಕೂತ ಹಿರಿಯರಲ್ಲಿ ಎಲ್ಲರಿಗಿಂತ ಹಳಬನಿಂದ ಶುರುಮಾಡಿ ಒಬ್ಬೊಬ್ಬರದನ್ನೂ ಹೇಳುತ್ತಿದ್ದ.

ಕೆಡುಕು ಹುಟ್ಟುತ್ತಿದ್ದದ್ದೂ ಇಲ್ಲೇ. ಈ ಭಾಷಣಗಳ ಪ್ರತಿ ಮನೆಯಲ್ಲೇ ಉಳಿಯುತ್ತಿತ್ತು, ಮುಂದಿನ ಸಾವಿಗೆ ಅದೇ ಆಧಾರ. ನಡೆಯದ ವಿಜಯೋತ್ಸವ, ಲೆಕ್ಕಕ್ಕಿಂತ ಹೆಚ್ಚಿನ ಕಾನ್ಸಲ್‌ಗಿರಿ, ಬೇರೆ ಕುಲಕ್ಕೆ ಅಂಟಿಸಿಕೊಂಡ ವಂಶಾವಳಿ, ಇವೆಲ್ಲ ಹೀಗೆ ಚರಿತ್ರೆಯೊಳಗೆ ನುಸುಳಿವೆ ಎಂದು ರೋಮಿನ ವಾಗ್ಮಿ ಸಿಸೆರೊ ಬರೆದಿದ್ದಾನೆ. ಲಿವಿಗೂ ಇದು ಚೆನ್ನಾಗಿ ಗೊತ್ತಿತ್ತು. 8ನೇ ಪುಸ್ತಕದ ಕೊನೆ ತೆಗೆದು ನೋಡು. ಕ್ರಿ.ಪೂ. 322ರಲ್ಲಿ ಇಟಲಿಯ ಸ್ಯಾಮ್ನೈಟ್ ಜನರ ಮೇಲಿನ ಯುದ್ಧ ನಡೆಸಿದ್ದು ಸರ್ವಾಧಿಕಾರಿಯೋ, ಆ ವರ್ಷದ ಕಾನ್ಸಲ್‌ಗಳೋ ಎಂಬುದು ಅವನಿಗೆ ಬಗೆಹರಿಯುವುದಿಲ್ಲ. ಶವಯಾತ್ರೆಯ ಹೊಗಳಿಕೆಗಳೂ ಮುಖವಾಡಗಳ ಸುಳ್ಳು ಬರಹಗಳೂ ನೆನಪನ್ನು ಕೆಡಿಸಿವೆ, ಆ ಕಾಲದಲ್ಲೇ ಬದುಕಿದ್ದ ನಂಬಬಹುದಾದ ಲೇಖಕ ಒಬ್ಬನೂ ಇಲ್ಲ ಎನ್ನುತ್ತಾನೆ.

ಮನೆತನಗಳ ಹೊರಗಿನ ದಾಖಲೆ ಎಂದರೆ ಮುಖ್ಯ ಪುರೋಹಿತನ ಬಿಳಿ ಹಲಗೆ. ವರ್ಷವರ್ಷದ ಘಟನೆಗಳನ್ನು ಬಿಳಿ ಬಳಿದ ಹಲಗೆಯ ಮೇಲೆ ಬರೆದು ಜನರಿಗೆ ಕಾಣುವಂತೆ ಇಡುತ್ತಿದ್ದರು. ಧಾನ್ಯದ ಬೆಲೆ ಯಾವಾಗ ಏರಿತು, ಗ್ರಹಣ ಯಾವಾಗ ಹಿಡಿಯಿತು, ಇಂಥದ್ದನ್ನು ಬರೆಯುವ ಮನಸ್ಸು ತನಗಿಲ್ಲ ಎಂದವನು ಲ್ಯಾಟಿನ್‌ನಲ್ಲಿ ಮೊದಲು ಇತಿಹಾಸ ಬರೆದ ಕೇಟೊ. ಅವನು ಮನೆತನಗಳ ಹಮ್ಮಿಗೂ ಜಾಗ ಕೊಡಲಿಲ್ಲ. ದಂಡನಾಯಕರ ಹೆಸರುಗಳನ್ನೇ ಬಿಟ್ಟು, ಕಾರ್ಥೇಜ್ ಸೈನ್ಯದಲ್ಲಿ ವೀರಾವೇಶದಿಂದ ಕಾದಿದ ಸೂರಸ್ ಎಂಬ ಆನೆಯ ಹೆಸರನ್ನು ಬರೆದಿಟ್ಟ! ಇನ್ನು, ಸಾಂಪ್ರದಾಯಿಕ ಲೆಕ್ಕದಲ್ಲಿ ಕ್ರಿ.ಪೂ. 390ರಲ್ಲಿ ಗಾಲ್ ಜನ ಊರಿಗೆ ಬೆಂಕಿಯಿಟ್ಟಾಗ ದಾಖಲೆಗಳಲ್ಲಿ ಬಹುಪಾಲು ಸುಟ್ಟುಹೋದವೆಂದು ಲಿವಿ 6ನೇ ಪುಸ್ತಕದ ಆರಂಭದಲ್ಲೇ ಹೇಳುತ್ತಾನೆ. ಹಾಗಾಗಿ ಮೊದಲ ಐದು ಪುಸ್ತಕಗಳನ್ನು ಒಂದು ತೂಕದಲ್ಲಿ, ಆರರಿಂದ ಹತ್ತನ್ನು ಇನ್ನೊಂದು ತೂಕದಲ್ಲಿ ಓದಬೇಕು. ಅವನು ಬರೆದ 142ರಲ್ಲಿ ನಮಗೆ ಉಳಿದಿರುವುದೇ 35.

ಈಗ 4ನೇ ಪುಸ್ತಕದ 20ನೇ ಅಧ್ಯಾಯ. ಒಂದೇ ಅಧ್ಯಾಯವನ್ನು ನಿಧಾನವಾಗಿ ಓದುವುದಾದರೆ ಇದನ್ನೇ ಓದು. ಕೊಸ್ಸಸ್ ಎಂಬ ರೋಮನ್ ಯೋಧ ನೆರೆಯ ವೇಯಿ ನಗರದ ರಾಜ ಟೊಲುಮ್ನಿಯಸ್‌ನನ್ನು ಕಾಳಗದಲ್ಲಿ ಕೊಂದು, ಅವನ ಮೈಮೇಲಿನ ಕವಚವನ್ನು ಕ್ಯಾಪಿಟಲ್ ಗುಡ್ಡದ ಜುಪಿಟರ್ ಫೆರೆಟ್ರಿಯಸ್ ಗುಡಿಗೆ ಒಪ್ಪಿಸುತ್ತಾನೆ. ರೊಮ್ಯುಲಸ್ ನಂತರ ಈ ಗೌರವ ಪಡೆದ ಮೊದಲಿಗ. ನಿಯಮದ ಪ್ರಕಾರ, ಶತ್ರು ನಾಯಕನನ್ನು ಕೊಂದ ರೋಮನ್ ದಂಡನಾಯಕನಿಗೆ ಮಾತ್ರ ಇದು ಸಲ್ಲುತ್ತದೆ. ಆದರೆ ತನಗಿಂತ ಹಿಂದಿನ ಲೇಖಕರೆಲ್ಲ ಕೊಸ್ಸಸ್‌ನನ್ನು ಕೈಕೆಳಗಿನ ಸೇನಾಧಿಕಾರಿ ಎಂದೇ ಬರೆದಿದ್ದಾರೆ, ತಾನೂ ಹಾಗೇ ಬರೆದೆ ಎಂದು ಲಿವಿ ನಡುವೆ ನಿಲ್ಲಿಸುತ್ತಾನೆ. ನಿಲ್ಲಿಸಿ ಹೊಸ ಸಾಕ್ಷಿಯನ್ನು ಕರೆತರುತ್ತಾನೆ. ಆ ಸಾಕ್ಷಿ ಸ್ವತಃ ಮೊದಲ ಚಕ್ರವರ್ತಿ ಆಗಸ್ಟಸ್. ಶಿಥಿಲವಾಗಿದ್ದ ಆ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದಾಗ ಒಳಗೆ ಹೋಗಿ, ನಾರುಬಟ್ಟೆಯ ಎದೆಗವಚದ ಮೇಲೆ ಕೊಸ್ಸಸ್ ‘ಕಾನ್ಸಲ್’ ಎಂದಿರುವುದನ್ನು ಕಣ್ಣಾರೆ ಓದಿದೆ ಎಂದು ಆಗಸ್ಟಸ್ ಹೇಳಿದ್ದಾನಂತೆ.

ಮಾಡು ಕಿತ್ತುಹೋಗಿದ್ದ ಗುಡಿಯಲ್ಲಿ ನಾನೂರು ವರ್ಷ ಹಳೆಯ ಬಟ್ಟೆ, ಅದರ ಮೇಲೆ ಓದಲು ಬರುವ ಅಕ್ಷರ! ಇದಕ್ಕೆ ಹಿನ್ನೆಲೆ ಬೇಕು. ಕ್ರಿ.ಪೂ. 29ರಲ್ಲಿ ಮ್ಯಾಸಿಡೋನಿಯಾದಲ್ಲಿ ಯುದ್ಧ ನಡೆಸುತ್ತಿದ್ದ ಕ್ರಾಸಸ್ ಎಂಬ ಪ್ರೊಕಾನ್ಸಲ್ (ಪ್ರಾಂತ್ಯಾಧಿಕಾರಿ) ಬಾಸ್ಟಾರ್ನೆ ಜನರ ರಾಜ ಡೆಲ್ಡೊನನ್ನು ತನ್ನ ಕೈಯಾರೆ ಕೊಂದಿದ್ದ. ಅವನಿಗೂ ಇದೇ ಗೌರವ ಸಿಕ್ಕಿದ್ದರೆ ಆಗಸ್ಟಸ್‌ನ ಪಕ್ಕದಲ್ಲಿ ಇನ್ನೊಬ್ಬ ವೀರ ಎದ್ದು ನಿಲ್ಲುತ್ತಿದ್ದ. ಕ್ರಾಸಸ್ ಸರ್ವೋಚ್ಚ ದಂಡನಾಯಕನಲ್ಲ; ಕೈಕೆಳಗಿನ ಅಧಿಕಾರಿಗೂ ಈ ಗೌರವ ಸಂದ, ಅವನಿಗೆ ಆಸರೆಯಾಗಬಹುದಾಗಿದ್ದ ಒಂದೇ ಒಂದು ಹಳೆಯ ನಿದರ್ಶನ ಕೊಸ್ಸಸ್‌ನದು. ಅವನು ಕಾನ್ಸಲ್ ಆಗಿದ್ದನೆಂದಾದರೆ ನಿದರ್ಶನವೇ ಬಿದ್ದುಹೋಗುತ್ತದೆ. ಲಿವಿ ಏನು ಮಾಡಿದ ನೋಡು. ಗುಡಿಯನ್ನು ಉಳಿಸಿದವನ ಸಾಕ್ಷ್ಯವನ್ನು ತಳ್ಳಿಹಾಕುವುದು ಅಪಚಾರ ಎಂದು ತಲೆಬಾಗಿದ. ಹಾಗೆನ್ನುತ್ತಲೇ, ಹಳೆಯ ಪಟ್ಟಿಗಳು ಕೊಸ್ಸಸ್‌ನ ಕಾನ್ಸಲ್ ವರ್ಷವನ್ನು ಹಲವು ವರ್ಷ ಮುಂದಕ್ಕೆ ಇಡುತ್ತವೆ, ಆ ಹೊತ್ತಿನ ಸುಮಾರು ಮೂರು ವರ್ಷ ಪಿಡುಗು, ಬರಗಳಿಂದಾಗಿ ಯುದ್ಧವೇ ಇರಲಿಲ್ಲ ಎಂದೂ ಬರೆದ. ಮೂಲ ಕಥನವನ್ನು ಮಾತ್ರ ತಿದ್ದಲಿಲ್ಲ. ಈ ಭಾಗವನ್ನು ಆಮೇಲೆ ಸೇರಿಸಿದ್ದೆಂದು ಹಲವು ವಿದ್ವಾಂಸರ ಎಣಿಕೆ. ಲಿವಿಯನ್ನು ಬರೀ ಕಥೆಗಾರ ಎನ್ನುವವರು ಈ ಅಧ್ಯಾಯವನ್ನು ಗಮನವಿಟ್ಟು ಓದಿಲ್ಲ ಎಂದೇ ನನ್ನ ಅಭಿಪ್ರಾಯ.

ಟ್ಯಾಸಿಟಸ್‌ನ ಹೊತ್ತಿಗೆ ಮೇಣದ ಮುಖವಾಡವೂ ಅಪ್ಪಣೆಗೆ ಒಳಪಟ್ಟಿತ್ತು. ಅವನ ‘ಆನಲ್ಸ್’ನ 3ನೇ ಪುಸ್ತಕವನ್ನು ಬಿಡಿಬಿಡಿಯಾಗಿ ಓದಬೇಡ, ಒಟ್ಟಿಗೆ ಓದು. ಚಕ್ರವರ್ತಿ ಟೈಬೀರಿಯಸ್‌ನ ದತ್ತುಮಗ ಜರ್ಮಾನಿಕಸ್‌ನ ಚಿತಾಭಸ್ಮ ಬಂದಿಳಿಯುವುದರಿಂದ ಅದು ಶುರುವಾಗುತ್ತದೆ, ಅವನ ಸಾವಿಗೆ ಕಾರಣನೆಂದು ಆರೋಪ ಹೊತ್ತ ಪೀಸೊನ ವಿಚಾರಣೆ ನಡುವೆ ಬರುತ್ತದೆ, ಕ್ರಿ.ಶ. 22ರಲ್ಲಿ ತೀರಿಕೊಂಡ ಯೂನಿಯಾಳ ಶವಯಾತ್ರೆಯಿಂದ ಮುಗಿಯುತ್ತದೆ. ಯೂನಿಯಾ ಬ್ರೂಟಸ್‌ನ ತಂಗಿ, ಕ್ಯಾಸಿಯಸ್‌ನ ಹೆಂಡತಿ. ಇಪ್ಪತ್ತು ಮನೆತನಗಳ ಮುಖವಾಡಗಳು ಮುಂದೆ ನಡೆದವು. ಸೀಸರ್‌ನನ್ನು ಕೊಂದ ಆ ಇಬ್ಬರ ಮುಖವಾಡ ಮಾತ್ರ ಇರಲಿಲ್ಲ. ಇಲ್ಲದ್ದರಿಂದಲೇ ಅವರು ಎಲ್ಲರಿಗಿಂತ ಎದ್ದು ಕಂಡರು ಎನ್ನುತ್ತಾನೆ ಟ್ಯಾಸಿಟಸ್.

ಪೀಸೊನ ವಿಷಯದಲ್ಲಿ ನಮಗೊಂದು ಭಾಗ್ಯವಿದೆ. ಅವನ ಮೇಲಿನ ಸೆನೆಟ್ ನಿರ್ಣಯದ ಕಂಚಿನ ಪ್ರತಿಗಳು ದಕ್ಷಿಣ ಸ್ಪೇನಿನಲ್ಲಿ ಸಿಕ್ಕಿ 1996ರಲ್ಲಿ ಪ್ರಕಟವಾದವು. ಹೆಂಗಸರು ಅವನಿಗಾಗಿ ಶೋಕಾಚರಣೆ ಮಾಡಕೂಡದು, ಅವನ ಪ್ರತಿಮೆಗಳನ್ನು ತೆಗೆಯಬೇಕು, ಮುಖವಾಡವನ್ನು ಮನೆತನದ ಸಾಲಿನಲ್ಲಿ ಇಡಕೂಡದು, ಶವಯಾತ್ರೆಗೆ ತರಕೂಡದು. ಈ ನಿರ್ಣಯ ಪ್ರತಿ ಪ್ರಾಂತ್ಯದ ಮುಖ್ಯ ನಗರದಲ್ಲೂ ಸೈನ್ಯದ ಚಳಿಗಾಲದ ಬಿಡಾರಗಳಲ್ಲೂ ಕಂಚಿನಲ್ಲಿ ನಿಲ್ಲಬೇಕು. ಅಂದರೆ ಅಳಿಸುವ ಆಜ್ಞೆಯನ್ನೇ ಅಳಿಯದಂತೆ ಕೊರೆಸಿದರು. ಮುಖವಾಡದ ನಿಷೇಧವನ್ನು ಟ್ಯಾಸಿಟಸ್ ಹೇಳುವುದಿಲ್ಲ. ವರ್ಷವರ್ಷದ ಕಾನ್ಸಲ್‌ಗಳ ಪಟ್ಟಿಯಿಂದ ಪೀಸೊನ ಹೆಸರು ಕೀಳಬೇಕೆಂಬ ಸಲಹೆಯನ್ನು ಟೈಬೀರಿಯಸ್ ಒಪ್ಪಲಿಲ್ಲ ಎಂಬುದನ್ನು ಹೇಳುತ್ತಾನೆ. ದಿನಾಂಕದಲ್ಲೂ ತೊಡಕಿದೆ. ಕಂಚು ಹೇಳುವುದು ಕ್ರಿ.ಶ. 20ರ ಡಿಸೆಂಬರ್ 10, ಟ್ಯಾಸಿಟಸ್‌ನ ಕಥನದ ಕ್ರಮ ಹಿಡಿದರೆ ವಿಚಾರಣೆ ಮೇ ತಿಂಗಳೊಳಗೇ ಮುಗಿದಿರಬೇಕು. ವಿದ್ವಾಂಸರು ಇನ್ನೂ ಜಗ್ಗಾಡುತ್ತಿದ್ದಾರೆ. ಹೆಸರು ಬದಲಿಸಿಕೊಳ್ಳುವಂತೆ ಹೇಳಿಸಿಕೊಂಡ ಪೀಸೊನ ಹಿರಿಮಗ ನೀಯಸ್, ಲೂಸಿಯಸ್ ಎಂಬ ಹೆಸರಿನಲ್ಲಿ ಕ್ರಿ.ಶ. 27ರಲ್ಲಿ ಕಾನ್ಸಲ್ ಆದ.

ಕೊನೆಗೆ ಭಾಷಣಗಳ ವಿಷಯ, ಯಾಕೆಂದರೆ ಹೊಸ ಓದುಗರು ಹೆಚ್ಚಾಗಿ ಮುಗ್ಗರಿಸುವುದು ಅಲ್ಲೇ. ಇತಿಹಾಸದೊಳಗಿನ ಭಾಷಣವನ್ನು ಲೇಖಕನೇ ಕಟ್ಟುವುದು ಆಗ ಎಲ್ಲರೂ ಒಪ್ಪಿದ ಪದ್ಧತಿ. ಎಷ್ಟು ಕಟ್ಟುತ್ತಿದ್ದರು ಎಂದು ಅಳೆಯಲು ಒಂದು ಜಾಗವಿದೆ. ಗಾಲ್ ಪ್ರಾಂತ್ಯದ ಪ್ರಮುಖರನ್ನು ಸೆನೆಟ್ಟಿಗೆ ಸೇರಿಸಿಕೊಳ್ಳಲು ಚಕ್ರವರ್ತಿ ಕ್ಲಾಡಿಯಸ್ ಕ್ರಿ.ಶ. 48ರಲ್ಲಿ ಮಾಡಿದ ಭಾಷಣದ ಕಂಚಿನ ಫಲಕ 1528ರಲ್ಲಿ ಲಿಯಾನ್‌ನಲ್ಲಿ ಸಿಕ್ಕಿತು. ಮೇಲ್ಭಾಗ ಹೋಗಿದೆ, ಉಳಿದದ್ದು ಸ್ಪಷ್ಟವಾಗಿದೆ. ಅದೇ ಭಾಷಣ ‘ಆನಲ್ಸ್’ 11ನೇ ಪುಸ್ತಕದ 24ನೇ ಅಧ್ಯಾಯದಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೋ. ರೋಮಿನ ಹಳೆಯ ರಾಜ ಸರ್ವಿಯಸ್ ಟುಲ್ಲಿಯಸ್‌ಗೆ ನೆರೆಯವರಾದ ಎಟ್ರಸ್ಕನ್ನರು ಮಸ್ತರ್ನ ಎನ್ನುತ್ತಾರೆಂದು ಕ್ಲಾಡಿಯಸ್ ದಾರಿ ತಪ್ಪಿ ಎಲ್ಲೆಲ್ಲೋ ಹೋಗುವುದು, ಮಾತು ಎತ್ತ ಸಾಗುತ್ತಿದೆ ಎಂದು ಹೇಳಿಬಿಡು ಎಂಬ ಎಚ್ಚರಿಕೆ ನಡುವೆ ಬರುವುದು, ಎಲ್ಲ ಕಂಚಿನಲ್ಲಿದೆ. ಟ್ಯಾಸಿಟಸ್ ಅದನ್ನೆಲ್ಲ ಕತ್ತರಿಸಿ ವಾದದ ತಿರುಳು ಇಟ್ಟುಕೊಂಡ. ಇವತ್ತು ನಾವು ಹಳೆಯ ನಿದರ್ಶನಗಳಿಂದ ಸಮರ್ಥಿಸುವುದು ನಾಳೆ ತಾನೇ ನಿದರ್ಶನವಾಗುತ್ತದೆ ಎಂದು ಟ್ಯಾಸಿಟಸ್ ಕ್ಲಾಡಿಯಸ್‌ನಿಂದ ಆಡಿಸುವ ಕೊನೆಯ ಮಾತು ಫಲಕದ ಉಳಿದ ಭಾಗದಲ್ಲಿ ಇಲ್ಲ. ಎರಡನ್ನೂ ಓದಿಯಾದ ಮೇಲೆ, ಯಾವುದನ್ನು ಬಿಟ್ಟದ್ದು ಅನ್ಯಾಯ ಅನ್ನಿಸಿತು ಎಂದು ಬರೆ.

ಇಂತಿ,
ನಿನ್ನ ಗೆಳೆಯ