ಲಿಂಗನಮಕ್ಕಿ ಗೇಟಿನಿಂದ ವಾಪಸ್ ಬಂದ ಪ್ರವಾಸದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಪ್ರವಾಸ ವಿಭಾಗ, ಬೆಂಗಳೂರು

ವಿಷಯ: 2026ರ ಫೆಬ್ರವರಿ 14–15ರ ಜೋಗ, ಲಿಂಗನಮಕ್ಕಿ, ಸಿಗಂದೂರು ಪ್ರವಾಸದಲ್ಲಿ ಆದ ಲೋಪ

ಮಾನ್ಯರೇ,

ಈ ಪ್ರವಾಸಕ್ಕೆ ನಮ್ಮ ಮನೆಯಿಂದ ನಾಲ್ವರು ಬಂದಿದ್ದೆವು. ತಲಾ 5,800 ರೂಪಾಯಿ ಟಿಕೆಟ್ಟಲ್ಲದೆ 'ಡ್ಯಾಂ ಪರ್ಮಿಷನ್' ಎಂದು ತಲಾ 300 ರೂಪಾಯಿ ಬೇರೆ ಕಟ್ಟಿಸಿಕೊಂಡಿದ್ದೀರಿ. ರಸೀದಿಯ ಪ್ರತಿ ಲಗತ್ತಿಸಿದ್ದೇನೆ.

ನಾವು ಹೊರಟಿದ್ದೇ ಡ್ಯಾಂ ನೋಡಲು. ನಮ್ಮ ತಂದೆಗೆ ಈಗ 81. ಹಿನ್ನೀರಿಗೆ ಊರು ಕಳೆದುಕೊಂಡ ಶರಾವತಿ ಮುಳುಗಡೆಯವರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮುಂಚೆಯೇ ಮನೆ, ಅಡಿಕೆ ತೋಟ ಎಲ್ಲ ಬಿಟ್ಟು ಹೊರಟಾಗ ಅವರಿಗೆ 16 ವರ್ಷ. ಕಟ್ಟೆಯ ಮೇಲೆ ನಿಂತು ಒಂದು ಸಲ ಹಿನ್ನೀರು ನೋಡಬೇಕು ಎಂದು ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ಬುಕಿಂಗ್ ಮಾಡುವಾಗ ಇದನ್ನೆಲ್ಲ ನಿಮ್ಮ ಸಿಬ್ಬಂದಿಗೆ ಫೋನಿನಲ್ಲಿ ಬಿಡಿಸಿ ಹೇಳಿದ್ದೆ. "ಪಾಸ್ ನಮ್ಮ ಜವಾಬ್ದಾರಿ ಸರ್, ಅಪ್ಪಾಜಿನ ಕರ್ಕೊಂಡು ಬನ್ನಿ" ಎಂದಿದ್ದರು.

ಶನಿವಾರ 11 ಗಂಟೆಗೆ ಗೇಟಿಗೆ ಹೋದರೆ ಪಾಸೇ ಇಲ್ಲ. ಕಾವಲಿನವರು ರಿಜಿಸ್ಟರನ್ನು ಎರಡು ಸಲ ತಿರುವಿ ಹಾಕಿದರು. ಮೊದಲೇ ಅರ್ಜಿ ಕೊಟ್ಟು ಅನುಮತಿ ಪಡೆದಿರಬೇಕು, ನಿಮ್ಮ ಬಸ್ಸಿನ ಲೆಕ್ಕದಲ್ಲಿ ಯಾವ ಅರ್ಜಿಯೂ ಬಂದಿಲ್ಲ ಎಂದರು. ಅವರದೇನೂ ತಪ್ಪಿಲ್ಲ. ಅಪ್ಪನಿಗೆ ಕುರ್ಚಿ ಹಾಕಿ ನೀರು ಕೊಟ್ಟವರೂ ಅವರೇ. ನಿಮ್ಮ ಗೈಡ್ ಬಸ್ಸಿನಿಂದ ಇಳಿಯಲೇ ಇಲ್ಲ. ಅಪ್ಪ ನೀರಿಗೆ ಬಿಡಲೆಂದು ಬಾಳೆಲೆಯಲ್ಲಿ ಸುತ್ತಿ ಅಡಿಕೆ ಸಿಂಗಾರ ತಂದಿದ್ದರು. ನಲುಗಬಾರದೆಂದು ರಾತ್ರಿಯಿಡೀ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ಅದನ್ನು ಹಾಗೇ ಹಿಡಿದುಕೊಂಡು ಮತ್ತೆ ಬಸ್ ಹತ್ತಿದರು. ಸಂಜೆಯವರೆಗೆ ಯಾರ ಹತ್ತಿರವೂ ಮಾತಾಡಲಿಲ್ಲ.

ಜೋಗದ ವಿಷಯವನ್ನೂ ಹೇಳಬೇಕು. ನಿಮ್ಮ ಜಾಹೀರಾತಿನಲ್ಲಿರುವುದು ಮಳೆಗಾಲದ ಚಿತ್ರ: ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ 253 ಮೀಟರ್ ಧುಮುಕುವುದು. ನಾವು ಕಂಡದ್ದು ಕಪ್ಪು ಬಂಡೆಯ ಮೇಲೆ ಬಿಳಿ ದಾರದಂಥ ನೀರು. ಈ ವರ್ಷ ಮಳೆ ಕಡಿಮೆ ಎಂದು ಗೈಡ್ ಹೇಳಿದರು. ವಿಷಯ ಅದಲ್ಲ. ನೀರು ಮೇಲೆ ಲಿಂಗನಮಕ್ಕಿಯಲ್ಲಿ ನಿಲ್ಲುತ್ತದೆ, ಅಲ್ಲಿಂದ ತಳಕಳಲೆ ಜಲಾಶಯಕ್ಕೆ ಬಂದು ಪೈಪುಗಳಲ್ಲಿ ಇಳಿದು 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರದ 10 ಯಂತ್ರಗಳನ್ನು ತಿರುಗಿಸುತ್ತದೆ. ಬೇಸಿಗೆ ಹತ್ತಿರವಾದಾಗ ಜೋಗ ಸೊರಗುವುದು ಅದರಿಂದ. ಇಷ್ಟನ್ನೂ ಹೇಳಲಾರದ ಗೈಡನ್ನು ಜಲವಿದ್ಯುತ್ ಪ್ರವಾಸಕ್ಕೆ ಕಳಿಸಿದ್ದೀರಿ. ಫೆಬ್ರವರಿ ಪ್ರವಾಸಕ್ಕೆ ಜುಲೈ ಚಿತ್ರ ಹಾಕಿ ದುಡ್ಡು ತೆಗೆದುಕೊಳ್ಳುವುದು ಮೋಸ.

ಭಾನುವಾರ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನವನ್ನು ಕೈಬಿಟ್ಟಿರಿ. ಸಿಗಂದೂರಿನ ಲಾಂಚಿಗೆ ಸಾಲು ನಿಂತು ಹೊತ್ತಾಯಿತು ಎಂಬ ಕಾರಣ ಕೊಟ್ಟರು. ಯಾವ ಲಾಂಚ್ ಸ್ವಾಮಿ? ಹಿನ್ನೀರು ದಾಟಿ ಸಿಗಂದೂರಿಗೆ ಹೋಗುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲೇ ಉದ್ಘಾಟನೆಯಾಗಿದೆ, ನಮ್ಮ ಬಸ್ಸೂ ಅದರ ಮೇಲೇ ದಾಟಿತು. ಹೊತ್ತು ಹೋದದ್ದು ಸಾಗರದ ಹತ್ತಿರ ಒಂದು ಗಂಧದ ಸಾಮಾನಿನ ಅಂಗಡಿಯಲ್ಲಿ, ಪೂರ್ತಿ ಎರಡು ಗಂಟೆ. ಅದು ನಿಮ್ಮ ಕಾರ್ಯಕ್ರಮಪಟ್ಟಿಯಲ್ಲಿ ಇರಲೇ ಇಲ್ಲ. ಊಟ, ವಸತಿ ಚೆನ್ನಾಗಿತ್ತು, ಅದರ ಬಗ್ಗೆ ತಕರಾರಿಲ್ಲ.

ಪರ್ಮಿಷನ್ ಹೆಸರಿನಲ್ಲಿ ಪಡೆದ 1,200 ರೂಪಾಯಿ ಮತ್ತು ಟಿಕೆಟ್ ಹಣದ ಅರ್ಧವನ್ನು 15 ದಿನದೊಳಗೆ ವಾಪಸ್ ಮಾಡಿ. ಅರ್ಜಿ ಹಾಕಿದ್ದೇ ನಿಜವಾದರೆ ಅದರ ಪ್ರತಿ ಕಳಿಸಿ. ಎರಡೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಇನ್ನೊಂದು ಮಾತು. ಹಣಕ್ಕಿಂತ ನನಗೆ ಇದೇ ಮುಖ್ಯ. ಈ ಮಳೆಗಾಲ ಹಿಡಿಯುವುದರೊಳಗೆ ಸರಿಯಾಗಿ ಅನುಮತಿ ಪಡೆದು, ನಿಮ್ಮ ಖರ್ಚಿನಲ್ಲಿ ಒಂದು ಕಾರು ಮಾಡಿ ನಮ್ಮ ತಂದೆಯನ್ನು ಲಿಂಗನಮಕ್ಕಿಗೆ ಕರೆದುಕೊಂಡು ಹೋಗಿ. ಅವರಿಗೆ ಕಟ್ಟೆಯ ಮೇಲೆ ಅರ್ಧ ಗಂಟೆ ಸಾಕು. ಅವರ ಜೊತೆ ನಾನು ಬರುತ್ತೇನೆ. ದಿನ ಯಾವುದು ಎಂದು ತಿಳಿಸಿ.

ಇಂತಿ,
7ರಿಂದ 10ನೇ ಸೀಟಿನ ಪ್ರಯಾಣಿಕರ ಪರವಾಗಿ