ಶೇ 70 ಅಂತ ಬರೆದು ನಿಲ್ಲಿಸಬೇಡಿ

ಸಂಪಾದಕರೇ,

ಜೀಬ್ರಾಮೀನಿನ ಸುದ್ದಿ ಬಂದಾಗಲೆಲ್ಲ ‘ಮೀನಿಗೂ ಮನುಷ್ಯನಿಗೂ ಶೇ 70 ಹೋಲಿಕೆ’ ಅನ್ನೋ ಸಾಲು ಇದ್ದೇ ಇರುತ್ತದೆ. ಅದು ಸರಿಯಲ್ಲ. 2013ರಲ್ಲಿ ಈ ಮೀನಿನ ಜೀನೋಮ್ (ಅಂದರೆ ಅದರ ಇಡೀ ಡಿಎನ್‌ಎ) ಪ್ರಕಟವಾದಾಗ ಹೇಳಿದ್ದೇ ಬೇರೆ: ನಮ್ಮ ಜೀನ್‌ಗಳಲ್ಲಿ ಸುಮಾರು ಶೇ 70ರಷ್ಟಕ್ಕೆ ಮೀನಿನಲ್ಲಿ ಸಂಬಂಧಿ ಜೀನ್ ಇದೆ, ಕನಿಷ್ಠ ಒಂದು. ಎಷ್ಟೋ ಕಡೆ ಒಂದಲ್ಲ, ಎರಡು. ಮಜಾ ಇರೋದೇ ಅಲ್ಲಿ, ಅದನ್ನೇ ನೀವು ಬಿಟ್ಟುಬಿಡುತ್ತೀರಿ.

ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಜಾನ್ ಪೋಸ್ಟಲ್‌ತ್ವೇಟ್ ಈ ಎರಡೆರಡು ಜೀನ್‌ಗಳ ಹಿಂದೆ ಬಿದ್ದು ದಶಕಗಳನ್ನೇ ಕಳೆದರು. ಮೊದಲು ನೊಣದ ಮೇಲೆ ಕೆಲಸ ಮಾಡುತ್ತಿದ್ದವರು. ಅದೇ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸ್ಟ್ರೈಸಿಂಗರ್ ಅನ್ನುವವರು ಜೀಬ್ರಾಮೀನನ್ನು ಲ್ಯಾಬಿಗೆ ತಂದಿದ್ದರು (ಇದು ನಮ್ಮ ಗಂಗೆ, ಬ್ರಹ್ಮಪುತ್ರ ಸೀಮೆಯ ಮೀನು, ಗೊತ್ತಿರಲಿ). ಪೋಸ್ಟಲ್‌ತ್ವೇಟ್ ತಂಡ 1994ರಲ್ಲಿ ಇದರ ಜೀನ್ ನಕ್ಷೆ ಮಾಡಿತು. 1998ರಲ್ಲಿ ಹಾಕ್ಸ್ ಜೀನ್‌ಗಳ (ತಲೆಯಿಂದ ಬಾಲದವರೆಗೆ ದೇಹದಲ್ಲಿ ಯಾವ ಭಾಗ ಎಲ್ಲಿ ಅಂತ ಹೇಳುವ ಜೀನ್‌ಗಳು, ಡಿಎನ್‌ಎಯಲ್ಲಿ ಗೊಂಚಲಾಗಿ ಇರುತ್ತವೆ) ಗೊಂಚಲು ಎಣಿಸಿದರೆ, ನಮಗೂ ಇಲಿಗೂ 4 ಗೊಂಚಲು, ಈ ಮೀನಿಗೆ 7! 30 ಕೋಟಿ ವರ್ಷಕ್ಕೂ ಹಿಂದೆ ಜೀಬ್ರಾಮೀನಿನಂಥ ಮೀನುಗಳ ಪೂರ್ವಜರಲ್ಲಿ ಇಡೀ ಜೀನೋಮೇ ದುಪ್ಪಟ್ಟಾಗಿತ್ತು, ಆಮೇಲೆ ಒಂದು ಗೊಂಚಲು ಕಳೆದುಹೋಯಿತು.

ಸರಿ, ಹೆಚ್ಚುವರಿ ಜೀನ್ ಸುಮ್ನೆ ಬಿದ್ದಿದ್ದರೆ ಕಾಲಕ್ರಮೇಣ ಕೆಟ್ಟುಹೋಗಬೇಕಿತ್ತು ಅಲ್ವಾ? ಎಷ್ಟೋ ಹೋದವು. ಉಳಿದವು ಯಾಕೆ ಉಳಿದವು? 1999ರಲ್ಲಿ ಇವರೂ ಸಂಗಡಿಗರೂ ಕೊಟ್ಟ ಉತ್ತರ ನನಗೆ ತುಂಬಾ ಹಿಡಿಸಿತು. ಎನ್‌ಗ್ರೇಲ್ಡ್-1 ಅನ್ನೋ ಜೀನ್ ಇಲಿಯಲ್ಲಿ ಒಂದೇ. ಭ್ರೂಣದ ಕಾಲು ಮೊಳಕೆಯಲ್ಲೂ ಅದೇ, ಮೆದುಳಿನ ಹಿಂಭಾಗದ ನರಕೋಶಗಳಲ್ಲೂ ಅದೇ ದುಡಿಯುತ್ತದೆ. ಜೀಬ್ರಾಮೀನಿನಲ್ಲಿ ಎರಡಿವೆ, ಒಂದು ಎದೆಯ ರೆಕ್ಕೆಯ ಮೊಳಕೆ ನೋಡಿಕೊಂಡರೆ ಇನ್ನೊಂದು ಆ ನರಕೋಶಗಳನ್ನು ನೋಡಿಕೊಳ್ಳುತ್ತದೆ. ಅಪ್ಪನ ಜಮೀನನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಾಗೆ. ಈಗ ಯಾವ ಒಂದು ಹೋದರೂ ಕೆಲಸ ಕೆಡುತ್ತದೆ, ಹಾಗಾಗಿ ಎರಡೂ ಉಳಿದವು.

ಆಮೇಲೆ ಇವರ ತಂಡ ಗಾರ್ ಮೀನಿನ ಹಿಂದೆ ಹೋಯಿತು. ಉದ್ದ ಮೂತಿಯ ಈ ಮೀನಿನ ವಂಶ ಆ ದುಪ್ಪಟ್ಟಿಗಿಂತ ಮೊದಲೇ ಬೇರೆಯಾದದ್ದು, ಅದಕ್ಕೇ ನಮ್ಮ ಜೀನ್‌ಗೂ ಜೀಬ್ರಾಮೀನಿನ ಜೀನ್‌ಗೂ ನಡುವೆ ಹೋಲಿಸಿ ನೋಡಲು ಅದು ಬೇಕು. ಅದರ ಜೀನೋಮ್ 2016ರಲ್ಲಿ ಬಂತು. ಕೆಂಪು ರಕ್ತಕಣವೇ ಇಲ್ಲದ ಅಂಟಾರ್ಕ್ಟಿಕದ ಐಸ್‌ಫಿಶ್ಶನ್ನೂ ಇವರು ಬಿಡಲಿಲ್ಲ, ಅದನ್ನು ಬರೆಯಲು ಹೋದರೆ ನೀವು ಕತ್ತರಿ ಹಾಕುತ್ತೀರಿ.

ಮುಂದಿನ ಸಲ ಶೇ 70 ಅಂತ ಬರೆಯುವಾಗ ಈ ಎರಡೆರಡು ಜೀನ್ ವಿಷಯಕ್ಕೂ ನಾಲ್ಕು ಸಾಲು ಕೊಡಿ. ಜಾಗ ಇಲ್ಲ ಅನ್ನಬೇಡಿ, ಅಕ್ವೇರಿಯಂ ಯಾವ ದಿಕ್ಕಿಗಿಟ್ಟರೆ ದುಡ್ಡು ಜಾಸ್ತಿ ಬರುತ್ತದೆ ಅನ್ನೋದಕ್ಕೆ ಅರ್ಧ ಪುಟ ಕೊಟ್ಟವರು ನೀವು.

– ಒಬ್ಬ ಓದುಗ, ಶಿವಮೊಗ್ಗ