ಮಂಡಿ ನೋವಿನ ಸುಳ್ಳು

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದ ಬಂತು. ಅಂತೂ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ರಾಜಕುಮಾರಿಯರ ಅರ್ಧ ಮ್ಯಾರಥಾನ್ ಓಡಲು ಹೊರಟಿದ್ದೀಯ. ವೇಷದ ಬಟ್ಟೆ, ಹೋಟೆಲು, ರಜೆ ಸಿಕ್ಕಿದ್ದು, ನಿಮ್ಮಪ್ಪ ಟಿಕೆಟ್ ದುಡ್ಡಿಗೆ ಗೊಣಗಿದ್ದು, ಎಲ್ಲ ಓದಿ ನಗುತ್ತಾ ಕೂತಿದ್ದೆ. ಕೊನೆ ಪುಟದ ತಳದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಅಲ್ಲಿ ನಗು ನಿಂತುಹೋಯಿತು. "ಅತ್ತೆ, ಬಲೂನಿನವರು ನನ್ನನ್ನು ದಾಟಿಬಿಟ್ಟರೆ? ರಾಜಕುಮಾರಿ ವೇಷ ಹಾಕಿಕೊಂಡು ಎಲ್ಲರೆದುರಿಗೆ ಬಸ್ಸು ಹತ್ತಬೇಕಾಗಿ ಬಂದರೆ?" ಅಷ್ಟು ಬರೆದು ಪಕ್ಕದಲ್ಲಿ ನಗುವ ಮುಖವೊಂದನ್ನು ಬಿಡಿಸಿದ್ದೀಯ. ಅದನ್ನು ನೋಡಿ ಯಾರು ಮೋಸ ಹೋಗುತ್ತಾರೆ? ನಾನಂತೂ ಹೋಗಲಿಲ್ಲ. ಎಲ್ಲರ ಹಿಂದೆ ಬಲೂನು ಕಟ್ಟಿಕೊಂಡು, ಮೀರಬಾರದ ವೇಗ ಹಿಡಿದು ಬರುವವರಲ್ಲವೇ ಅವರು? ಅವರಿಗಿಂತ ಹಿಂದೆ ಬಿದ್ದವರನ್ನು ಬಸ್ಸಿಗೆ ಹತ್ತಿಸುತ್ತಾರೆ, ಓಟ ಅಲ್ಲಿಗೇ ಮುಗಿಯಿತು.

ಎರಡು ದಿನದಿಂದ ಉತ್ತರ ಬರೆಯೋಣ ಅಂತ ಕೂರುತ್ತೇನೆ, ಏಳುತ್ತೇನೆ. 2014ರಲ್ಲಿ ನಾನು ಅದೇ ಓಟಕ್ಕೆ ಹೋಗಿದ್ದು, ಮಂಡಿ ಕೈಕೊಟ್ಟು ನಡುವೆ ಬಿಟ್ಟಿದ್ದು ನಿಮಗೆಲ್ಲ ಗೊತ್ತಿರುವ ಕಥೆ. ಅದನ್ನು ಮತ್ತೆ ಹೇಳುವುದಿಲ್ಲ. ಗೊತ್ತಿಲ್ಲದ ಭಾಗ ಒಂದಿದೆ. ಅದಕ್ಕೆ ಬರುತ್ತೇನೆ, ಸ್ವಲ್ಪ ತಾಳು.

ಮೊದಲು ಲೆಕ್ಕ. ನಿನಗೆ ಗೊತ್ತಿರುವ ಲೆಕ್ಕವೇ, ಆದರೂ ನನ್ನ ಸಮಾಧಾನಕ್ಕೆ ಇನ್ನೊಂದು ಸಲ. ಓಟ 13.1 ಮೈಲಿ, ಅಂದರೆ 21.1 ಕಿಲೋಮೀಟರ್. ಮೈಲಿಗೆ 16 ನಿಮಿಷ ಮೀರಬಾರದು. ಒಟ್ಟು ಮೂರೂವರೆ ಗಂಟೆ. ಕಿಲೋಮೀಟರಿಗೆ ಹತ್ತು ನಿಮಿಷ ಅಂದುಕೊ. ಹತ್ತು ನಿಮಿಷಕ್ಕೆ ಒಂದು ಕಿಲೋಮೀಟರ್ ಅಂದರೆ ಅದು ಓಟವೇ ಅಲ್ಲ ಪುಟ್ಟಿ, ಬಿರುಸಾದ ನಡಿಗೆ. ನಿಲ್ಲದೆ ನಡೆಯಬೇಕು, ಅಷ್ಟೆ. ಈ "ನಿಲ್ಲದೆ" ಅನ್ನುವುದರಲ್ಲೇ ಎಲ್ಲ ಇದೆ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಇನ್ನೊಂದು ವಿಷಯ. ಆ ಬಲೂನಿನವರು ಹೊರಡುವುದು ಎಲ್ಲರಿಗಿಂತ ಕೊನೆಗೆ. ಓಡುವವರನ್ನು ಗುಂಪು ಗುಂಪಾಗಿ ಬಿಡುತ್ತಾರಲ್ಲ, ಕೊನೇ ಗುಂಪಿನ ಕೊನೇ ಮನುಷ್ಯ ಗೆರೆ ದಾಟಿದ ಮೇಲೆಯೇ ಅವರ ಗಡಿಯಾರ ಶುರು. ನೀನು ಅವರಿಗಿಂತ ಎಷ್ಟು ನಿಮಿಷ ಮುಂಚೆ ಹೊರಟೆಯೋ ಅಷ್ಟೂ ನಿನ್ನ ಕೈಯಲ್ಲಿರುವ ಕಾಸು. ಹಿಂದೆ ಅವರು ಒಪ್ಪುವಂಥ ಓಟ ಮುಗಿಸಿದ ಸಮಯದ ದಾಖಲೆ ಇದ್ದರೆ ಕಳಿಸು, ಮುಂಚೆ ಹೊರಡುವ ಗುಂಪಿಗೆ ಹಾಕಬಹುದು. ನನ್ನ ಹತ್ತಿರ ದಾಖಲೆ ಇತ್ತು, ಕಳಿಸಲಿಲ್ಲ. "ಈ ಸಮಯ ಕಳಿಸಿದರೆ ನಗುತ್ತಾರೆ" ಅನ್ನಿಸಿತು. ಯಾರು ನಗುತ್ತಿದ್ದರು? ಒಂದು ಕಂಪ್ಯೂಟರ್. ಕೊನೆಯಿಂದ ಎರಡನೇ ಗುಂಪು ಸಿಕ್ಕಿತು.

ನಗುತ್ತಾರೆ ಅನ್ನುವುದು ನನ್ನ ಹಳೇ ರೋಗ. ಹದಿಮೂರು ತುಂಬುವವರೆಗೆ ಓಣಿಯಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ. ನಿಮ್ಮಪ್ಪನನ್ನೂ ಸೇರಿಸಿ. ಆಮೇಲೆ ಲಂಗ ದಾವಣಿ ಬಂತು, "ಹೆಣ್ಣುಮಗಳು ಹಾಗೆ ಓಡಬಾರದು, ನೋಡಿದವರು ನಗುತ್ತಾರೆ" ಅನ್ನುವ ಮಾತೂ ಅದರ ಜೊತೆಗೇ ಬಂತು. ಅಮ್ಮ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವಳಿಗೂ ಯಾರೋ ಹೇಳಿದ್ದು. ಅಲ್ಲಿಂದ ಐವತ್ತು ದಾಟುವವರೆಗೆ ನಾನು ಬಸ್ಸು ಹಿಡಿಯಲು ಬಿಟ್ಟರೆ ಇನ್ಯಾವುದಕ್ಕೂ ಓಡಲಿಲ್ಲ. ಅಂಥವಳು ನೀಲಿ ಅಂಗಿ, ಹಳದಿ ಲಂಗ, ತಲೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಸ್ನೋ ವೈಟ್ ಆಗಿ ಫ್ಲಾರಿಡಾದಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ಹೋಟೆಲಿನ ಬಾಗಿಲಲ್ಲಿ ನಿಂತಿದ್ದನ್ನು ಊಹಿಸಿಕೊ. ಲಿಫ್ಟಿನಲ್ಲಿ ಯಾರಾದರೂ ಸಿಗುತ್ತಾರೇನೋ ಅಂತ ಮೆಟ್ಟಿಲು ಇಳಿದು ಬಂದಿದ್ದೆ. ಆರು ಮಹಡಿ! ಅರ್ಧ ಮ್ಯಾರಥಾನಿನ ದಿನ!

ಓಟದ ಜಾಗಕ್ಕೆ ಹೋಗುವ ಬಸ್ಸು ಹತ್ತಿದರೆ ಮೊದಲ ಸೀಟಿನಲ್ಲೇ ಒಬ್ಬ ಗಂಡಸು. ಅರವತ್ತು ದಾಟಿದವನು. ಪೊದೆ ಮೀಸೆ, ಗುಲಾಬಿ ಬಣ್ಣದ ಜಾಲರಿ ಲಂಗ, ತಲೆಯ ಮೇಲೆ ಹೊಳೆಯುವ ಕಿರೀಟ. ಬಾಳೆಹಣ್ಣು ತಿನ್ನುತ್ತಿದ್ದ. ನನ್ನನ್ನು ನೋಡಿ ತನ್ನ ಲಂಗವನ್ನು ಸೊಂಟದ ಹತ್ತಿರ ಸರಿಮಾಡಿಕೊಂಡು, ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಅಷ್ಟೇ. ಅದೊಂದು ದಿನ ಆ ಊರಿನಲ್ಲಿ ಮಾಮೂಲಿ ಟೀ ಶರ್ಟ್ ಹಾಕಿದವರೇ ವಿಚಿತ್ರವಾಗಿ ಕಾಣುತ್ತಾರೆ. ವೇಷದ ಭಯವನ್ನಂತೂ ಹೋಟೆಲಿನಲ್ಲೇ ಬಿಟ್ಟು ಹೋಗು.

ವೇಷದ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಮುಖವಾಡ ದೊಡ್ಡವರಿಗೆ ಬಿಡುವುದಿಲ್ಲ. ನೆಲಕ್ಕೆ ಎಳೆಯುವ ಉಡುಪೂ ನಡೆಯುವುದಿಲ್ಲ, ಅದಕ್ಕೇ ನಿನ್ನ ಆ ಉದ್ದ ಗೌನು ಕತ್ತರಿಸಿಯೇ ಒಯ್ಯಿ. ಚಮಕಿ ಇರುವ ತೋಳು ಬೇಡ. ಸಾವಿರ ಸಲ ಕೈ ಬೀಸಿದರೆ ಚಮಕಿ ಅರದ ಹಾಗೆ ಕಂಕುಳ ತರಚುತ್ತದೆ. ಪೂರ್ತಿ ವೇಷ ಹಾಕಿಕೊಂಡು ಒಂದು ಸಲ ಮನೆ ಹತ್ತಿರ ಎರಡು ಗಂಟೆ ಓಡಿ ನೋಡು. ನೆರೆಯವರು ನೋಡಲಿ ಬಿಡು. ಇದನ್ನು ನಾನು ಮಾಡಲಿಲ್ಲ, ಹೇಳುವುದಕ್ಕೆ ಮಾತ್ರ ಮುಂದಿದ್ದೇನೆ.

ಈಗ ಬಲೂನು.

ಹೊರಟಾಗ ಎಲ್ಲ ಚೆನ್ನಾಗಿತ್ತು. ಪಟಾಕಿ ಹಾರಿಸಿ ಬಿಟ್ಟರು. ಎಪ್ಕಾಟ್ ಅನ್ನುವ ಡಿಸ್ನಿ ಪಾರ್ಕಿನ ಕಡೆಯಿಂದ ಹೊರಟು ದೊಡ್ಡ ರಸ್ತೆ ಹಿಡಿದು ಅವರದೇ ಇನ್ನೊಂದು ಪಾರ್ಕು ಮ್ಯಾಜಿಕ್ ಕಿಂಗ್‌ಡಮ್‌ವರೆಗೆ ಓಡುವುದು, ಕೋಟೆಯೊಳಗೆ ನುಗ್ಗಿ ಈಚೆ ಬರುವುದು, ಇನ್ನೊಂದು ಕಿರಿದಾದ ರಸ್ತೆಯಲ್ಲಿ ವಾಪಸು. ಮೊದಲ ಎರಡು ಮೈಲಿ ಸಲೀಸಾಗಿ ಹೋಯಿತು. ಮೂರನೆಯದರಲ್ಲಿ ಪಕ್ಕದಲ್ಲಿ ಯಾರೋ ಹೆಂಗಸು "ಬಲೂನು ಹಿಂದೆಯೇ ಇದೆಯಂತೆ" ಅಂದಳು. ಅವಳು ನೋಡಿದ್ದಲ್ಲ, ಯಾರೋ ಅಂದಿದ್ದು. ನಾವು ಚಿಕ್ಕವರಿದ್ದಾಗ ಗುಮ್ಮ ಬಂತು ಅಂದರೆ ಸಾಕಾಗಿತ್ತಲ್ಲ, ಯಾರು ಯಾವತ್ತು ಗುಮ್ಮನನ್ನು ನೋಡಿದ್ದರು? ಅಲ್ಲಿಂದ ನನ್ನ ಕುತ್ತಿಗೆ ಹಿಂದಕ್ಕೇ ತಿರುಗಿಕೊಂಡಿತು. ಎರಡು ಲೈಟು ಕಂಬಕ್ಕೊಂದು ಸಲ ತಿರುಗಿ ನೋಡುವುದು. ಕತ್ತಲಲ್ಲಿ ಏನು ಕಾಣುತ್ತದೆ? ಸಾವಿರಾರು ತಲೆ, ಕಿರೀಟ, ರೆಕ್ಕೆ. ಹುಟ್ಟುಹಬ್ಬದ ಹುಡುಗಿ ಯಾರೋ ಬಲೂನು ಕಟ್ಟಿಕೊಂಡಿದ್ದಳು, ಅದನ್ನು ಕಂಡು ಅರ್ಧ ಮೈಲಿ ದಿಕ್ಕೆಟ್ಟು ಓಡಿದೆ. ಆ ಅರ್ಧ ಮೈಲಿಯ ಓಟವೇ ನನ್ನ ಉಸಿರು ತೆಗೆದದ್ದು.

ಕೋಟೆ ನೋಡಿದೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ. ನಿಜ ಹೇಳಬೇಕೆಂದರೆ ಕೋಟೆಯ ಕಮಾನಿನಲ್ಲಿ ಹೋಗುವಾಗಲೂ ನಾನು ಹಿಂದೆ ನೋಡುತ್ತಿದ್ದೆ. ಫೋಟೊದಲ್ಲಿ ಇದೆಯಲ್ಲ, ನನ್ನ ಮುಖ ಪಕ್ಕಕ್ಕಿದೆ. "ಯಾರನ್ನು ನೋಡ್ತಿದ್ದೀಯ?" ಅಂತ ನೀನೇ ಚಿಕ್ಕವಳಿದ್ದಾಗ ಕೇಳಿದ್ದೆ. ಗೆಳತಿ ಅಂದಿದ್ದೆ.

ಹತ್ತನೇ ಮೈಲಿ ದಾಟಿದ ಮೇಲೆ ಸೇತುವೆ ಹತ್ತುವ ರಸ್ತೆ ಒಂದು ಬರುತ್ತದೆ. ಏರು ಏನೂ ದೊಡ್ಡದಲ್ಲ, ಆದರೆ ಆ ಹೊತ್ತಿಗೆ ಗೋಡೆಯ ಹಾಗೆ ಕಾಣುತ್ತದೆ. ಅದರ ಬುಡಕ್ಕೂ ಮುಂಚೆ ವೈದ್ಯರ ಡೇರೆ ಇತ್ತು. ನಾನು ಕುಂಟುತ್ತಾ ಅದರೊಳಗೆ ಹೋದೆ. ಪುಟ್ಟಿ, ಡೇರೆ ಹತ್ತು ಮಾರು ದೂರ ಇದ್ದಾಗ ಕುಂಟಲು ಶುರುಮಾಡಿದೆ. ಅಲ್ಲಿಯವರೆಗೆ ಸರಿಯಾಗಿಯೇ ನಡೆಯುತ್ತಿದ್ದೆ.

ಮಂಡಿ ನೋಯುತ್ತಿರಲಿಲ್ಲ.

ಇದನ್ನು ಯಾರಿಗೂ ಹೇಳಿಲ್ಲ. ನಿಮ್ಮ ಮಾವನಿಗೂ ಹೇಳಿಲ್ಲ. ಬಸ್ಸಿನವರು ಬಂದು "ಸಾಕು ಹತ್ತಿ" ಅನ್ನುವ ಮುಂಚೆ ನಾನೇ ಬಿಟ್ಟುಬಿಟ್ಟರೆ ಮಾನ ಉಳಿಯುತ್ತದೆ ಅನ್ನಿಸಿತು. ನೋವಿನಿಂದ ಬಿಟ್ಟವಳು ಬೇರೆ, ಹಿಂದುಳಿದು ಸಿಕ್ಕಿಬಿದ್ದವಳು ಬೇರೆ ಅಂತ ತಲೆಯಲ್ಲಿ. ಅಲ್ಲಿದ್ದ ಒಬ್ಬ ಅಜ್ಜ, ಸ್ವಯಂಸೇವಕ, ಪ್ಲಾಸ್ಟಿಕ್ ಚೀಲಕ್ಕೆ ಐಸ್ ತುಂಬಿ ಕೊಟ್ಟರು. ಯಾವ ಮಂಡಿ ಅಂತ ಕೇಳಿದರು. ಒಂದು ಗಳಿಗೆ ಯೋಚನೆ ಮಾಡಿ ಎಡಗಡೆ ಅಂದೆ. ಐಸು ಕರಗಿ ಕಾಲುಚೀಲದೊಳಗೆ ಇಳಿಯುತ್ತಿತ್ತು. ಕುರ್ಚಿಯಲ್ಲಿ ಕೂತು ರಸ್ತೆ ನೋಡುತ್ತಿದ್ದೆ. ಕೈಗಡಿಯಾರವನ್ನೂ ನೋಡುತ್ತಿದ್ದೆ, ಯಾಕೋ ಗೊತ್ತಿಲ್ಲ.

ಹನ್ನೊಂದು ನಿಮಿಷ ಆದಮೇಲೆ ಬಲೂನು ಬಂತು.

ನಾನು ಅಷ್ಟು ಹೊತ್ತು ಹೆದರಿದ್ದು ಯಾರಿಗೆ ಅಂದರೆ, ಬೆನ್ನ ಹಿಂದೆ ಬಲೂನು ತೇಲಿಸಿಕೊಂಡು ಹರಟೆ ಹೊಡೆಯುತ್ತಾ ನಡೆದು ಬರುವ ನಾಲ್ಕೈದು ಹೆಂಗಸರಿಗೆ. ಮುಂದೆ ಒಬ್ಬಳು ದಪ್ಪನೆಯ ವಯಸ್ಸಾದಾಕೆ, ನೇರಳೆ ರೆಕ್ಕೆಯವಳು, ಸೊಂಟದ ಮೇಲೆ ಕೈ ಇಟ್ಟುಕೊಂಡು ಏದುಸಿರು ಬಿಡುತ್ತಿದ್ದಳು. ಅವರು ಅವಳನ್ನು ಅಟ್ಟುತ್ತಿರಲಿಲ್ಲ. "ಬಾ ತಾಯಿ, ಇನ್ನೊಂದಿಷ್ಟು, ನಮ್ಮ ಮುಂದೆಯೇ ಇರು" ಅನ್ನುವ ಹಾಗೆ ಕೂಗಿ ಕೂಗಿ ನಡೆಸುತ್ತಿದ್ದರು. ಹಿಂದೆ ಸೈಕಲ್ಲಿನವರು, ಅದರ ಹಿಂದೆ ಬಸ್ಸು. ನೇರಳೆ ರೆಕ್ಕೆಯವಳು ಸೇತುವೆ ಏರು ಹತ್ತಿದಳು. ಅಷ್ಟು ಮಾತ್ರ ಕಂಡಿತು. ಮುಗಿಸಿದಳೋ ಇಲ್ಲವೋ. ನನ್ನ ಓಟದ ನೆನಪಿಗಿಂತ ಜಾಸ್ತಿ ಅವಳ ರೆಕ್ಕೆಯ ನೆನಪೇ ನನಗೆ ಬರುತ್ತದೆ.

ಬಲೂನಿಗಿಂತ ಹನ್ನೊಂದು ನಿಮಿಷ ಮುಂದಿದ್ದೆ, ಉಳಿದದ್ದು ಮೂರು ಮೈಲಿಗಿಂತ ಕಡಿಮೆ ದಾರಿ. ತೆವಳಿದ್ದರೂ ಮುಗಿಯುತ್ತಿತ್ತು. ಕೊನೆಗೆ ಎಪ್ಕಾಟ್ ಒಳಗೆ, ಮುಗಿಯುವ ಗೆರೆಗೆ ಸ್ವಲ್ಪ ಮುಂಚೆ, ಗಾಯಕರ ತಂಡ ನಿಂತು ಎಲ್ಲರಿಗೂ ಹಾಡುತ್ತದೆ. ಕೊನೇ ಓಟಗಾರರಿಗೂ ಹಾಡುತ್ತಾರಂತೆ. ನಾನು ಡೇರೆಯಿಂದ ಗಾಡಿಯಲ್ಲಿ ಬೇರೆ ದಾರಿಯಾಗಿ ಬಂದೆ, ಹಾಡು ಕೇಳಲಿಲ್ಲ.

ಆದ್ದರಿಂದ ನೀನು "ಬಸ್ಸು ಹತ್ತಬೇಕಾಗಿ ಬಂದರೆ" ಅಂದಾಗ ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ಬಸ್ಸು ಬಂದರೆ ಹತ್ತು. ಕೂರುವುದಕ್ಕೆ ಸೀಟು ಇರುತ್ತದೆ, ನಿನ್ನ ಹಾಗೇ ಕಿರೀಟ ಹಾಕಿಕೊಂಡವರು ಇರುತ್ತಾರೆ. 2017ರ ಜನವರಿಯಲ್ಲಿ ಅಲ್ಲೇ ಸಿಡಿಲಿಗೆ ಹೆದರಿ ಇಡೀ ಅರ್ಧ ಮ್ಯಾರಥಾನನ್ನೇ ರದ್ದು ಮಾಡಿದರು, ತಿಂಗಳುಗಟ್ಟಲೆ ತಯಾರಾದವರಿಗೆ ಒಂದು ಹೆಜ್ಜೆಯೂ ಸಿಗಲಿಲ್ಲ. ನಮ್ಮ ಕೈಯಲ್ಲಿಲ್ಲದ್ದು ಎಷ್ಟೋ ಇರುತ್ತದೆ. ಆದರೆ ಬಸ್ಸು ಬರುವ ಮುಂಚೆ ಡೇರೆ ಹುಡುಕಬೇಡ. ನಿನ್ನಲ್ಲಿ ನನ್ನ ರಕ್ತ ಇದೆ, ಅದಕ್ಕೇ ಹೆದರಿಕೆ.

ಬೇರೆ ಏನು ಹೇಳಲಿ? ಓಡಿ ಓಡಿ ಸುಸ್ತಾದ ಮೇಲೆ ನಡೆಯುವುದಲ್ಲ, ಶುರುವಿನಿಂದಲೇ ಸ್ವಲ್ಪ ಓಡು, ಸ್ವಲ್ಪ ನಡೆ. ಜೆಫ್ ಗ್ಯಾಲೋವೇ ಹೇಳಿಕೊಟ್ಟ ಕ್ರಮ ಅದು, 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಮನುಷ್ಯ. ಅಂಥವರೇ ನಡೆಯಿರಿ ಅಂದಿರುವಾಗ ನಮಗೇನು ನಾಚಿಕೆ? ದಾರಿಯಲ್ಲಿ ಡಿಸ್ನಿ ಪಾತ್ರಗಳ ಜೊತೆ ಫೋಟೊ ತೆಗೆಸಿಕೊಳ್ಳುವ ಸಾಲಿನಲ್ಲಿ ನಿಲ್ಲಬೇಡ ಅಂತ ಬರೆಯಹೊರಟಿದ್ದೆ. ಬೇಡ, ಒಂದು ಕಡೆ ನಿಲ್ಲು. ನಿನಗೆ ಇಷ್ಟವಾದ ಒಂದೇ ಒಂದು. ಸಾಲು ಉದ್ದ ಇದ್ದರೆ ಕೈ ಬೀಸಿ ಮುಂದೆ ಹೋಗು. ಬೆಳಗಿನ ಜಾವ ಕಾಯುವಾಗ ಚಳಿ ಇರುತ್ತದೆ, ಬಿಸಾಡಲು ಬೇಜಾರಾಗದ ಹಳೇ ಸ್ವೆಟರ್ ಹಾಕಿಕೊ. ಹಿಂದೆ ತಿರುಗಿ ನೋಡಬೇಡ ಅಂದರೆ ನೋಡೇ ನೋಡುತ್ತೀಯ, ಗೊತ್ತು. ನೋಡು, ಆದರೆ ನೀರು ಕೊಡುವ ಜಾಗದಲ್ಲಿ ಮಾತ್ರ. ಅದೂ ಒಂದೇ ಸಲ.

ಮುಗಿದ ತಕ್ಷಣ ಫೋನ್ ಮಾಡು. ಬಸ್ಸಿನಿಂದಾದರೂ ಸರಿ. ನಾನು ಎದ್ದೇ ಇರುತ್ತೇನೆ.

ನಿನ್ನ ಅತ್ತೆ

ಮರೆತಿದ್ದೆ: ಕಾಲುಗುರು ಎರಡು ದಿನ ಮುಂಚೆಯೇ ಕತ್ತರಿಸಿಕೊ, ಹಿಂದಿನ ರಾತ್ರಿ ಬೇಡ. ಮತ್ತೆ, ಮಂಡಿ ವಿಷಯ ನಿಮ್ಮಪ್ಪನಿಗೆ ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ. ಇಷ್ಟು ವರ್ಷದಿಂದ ತಪ್ಪದೆ ನೋವಿನ ಎಣ್ಣೆ ಕಳಿಸುತ್ತಿದ್ದಾನೆ ಪಾಪ. ಈ ಸಲದ ಬಾಟಲಿ ಬರಲಿ, ಆಮೇಲೆ ಹೇಳುತ್ತೇನೆ. ಬೆನ್ನಿಗೆ ಚೆನ್ನಾಗಿ ಹಿಡಿಸಿದೆ.